ಗೆರೆಯಕ್ಕ ಮತ್ತು ಸೊಟ್ಟ ರೆಕ್ಕೆ

ಬೀದಿಯವರೆಲ್ಲ ಅವಳನ್ನು ಗೆರೆಯಕ್ಕ ಎನ್ನುತ್ತಾರೆ. ಅವಳು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು. ಇಪ್ಪತ್ತೆರಡು ವರ್ಷದಿಂದ ಅಂಗಡಿ ನಡೆಸುತ್ತಿದ್ದಾಳೆ. ಅವಳಿಂದ ಒಂದೇ ಒಂದು ತಪ್ಪೂ ಆಗಿಲ್ಲ. ಬಟ್ಟೆಗಳು ಸುಟ್ಟಿವೆ, ಅದು ಬೇರೆ ವಿಷಯ. "ಬಟ್ಟೇಲಿ ದಮ್ಮಿಲ್ಲ," ಎಂದು ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತರೆ, ಬಟ್ಟೆ ಕಳೆದುಕೊಂಡವರೇ ಕ್ಷಮೆ ಕೇಳಿಕೊಂಡು ಹೋಗಬೇಕು.

ಗಂಡ ಬಸ್ ಕಂಡಕ್ಟರ್. ಹಗುರ ಮರದ ಕಡ್ಡಿಗಳನ್ನು ಅಂಟಿಸಿ ಪುಟ್ಟ ವಿಮಾನ ಕಟ್ಟುವುದು ಅವನ ಹುಚ್ಚು. ಕಟ್ಟುವುದೇನೋ ಚೆನ್ನಾಗಿಯೇ ಕಟ್ಟುತ್ತಿದ್ದ. ಅದರ ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆಯ ಬಿಸಿಗೆ ಅಂಟಿ, ಕುಗ್ಗಿ, ಬಿಗಿಯಾಗಬೇಕಾದದ್ದು ಸುಕ್ಕುಗಟ್ಟಿ ಕೂರುತ್ತಿತ್ತು. ಇಸ್ತ್ರಿಯವಳ ಗಂಡನ ವಿಮಾನದಲ್ಲಿ ಸುಕ್ಕು! ವಿಮಾನ ಹಾರಿಸುವ ಮೈದಾನದಲ್ಲಿ ಗೆಳೆಯರು ಬಿದ್ದು ಬಿದ್ದು ನಕ್ಕರಂತೆ. ಅದನ್ನು ಕೇಳಿ ಗೆರೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ನಾಳೆ ಸ್ಪರ್ಧೆ ಎನ್ನುವಾಗ, ಏಳು ತಿಂಗಳು ಕೂತು ಕಟ್ಟಿದ ವಿಮಾನದ ರೆಕ್ಕೆಯನ್ನು ಅವಳೇ ಕಸಿದುಕೊಂಡಳು.

"ಮೊದ್ಲು ಎರಡೂ ಕಡೆ ಅಂಚು ಅಂಟಿಸ್ಕೋಬೇಕು ಕಣೇ. ಆಮೇಲೆ ಮೇಲೊಂದಿಷ್ಟು, ಕೆಳಗೊಂದಿಷ್ಟು ಬಿಸಿ..."

"ಟಿಕೆಟ್ ಹರಿಯೋರು ನಂಗೆ ಇಸ್ತ್ರಿ ಹೇಳ್ಕೊಡ್ಬೇಡಿ. ಹೋಗಿ, ಹಾಲು ತನ್ನಿ."

ಅವಳ ರೂಢಿ ಶರ್ಟಿನದು: ಒಂದು ಮಗ್ಗುಲು ಪೂರ್ತಿ ಮುಗಿಸಿ, ತಿರುವಿ, ಆಮೇಲೆ ಇನ್ನೊಂದು. ರೆಕ್ಕೆಯ ಮೇಲ್ಭಾಗವೇನೋ ಕನ್ನಡಿಯಂತಾಯಿತು. ಆದರೆ ಹಾಳೆ ಬಿಗಿಯುತ್ತ ಬಿಗಿಯುತ್ತ ಕಡ್ಡಿಗಳನ್ನೆಲ್ಲ ತನ್ನತ್ತ ಎಳೆದುಕೊಂಡಿತ್ತು. ಮೇಜಿನ ಮೇಲಿಟ್ಟರೆ ರೆಕ್ಕೆ ನೆಟ್ಟಗೆ ಕೂರಲೊಲ್ಲದು. ಈ ತುದಿ ಒತ್ತಿದರೆ ಆ ತುದಿ ಏಳುತ್ತದೆ. ಅಷ್ಟರಲ್ಲಿ ಗಂಡ ಹಾಲು ಹಿಡಿದು ಬಂದ.

"ಕಡ್ಡೀಲಿ ದಮ್ಮಿಲ್ಲ," ಎಂದಳು, ಸೊಂಟಕ್ಕೆ ಕೈ ಕೊಟ್ಟು.

ಅವನು ರೆಕ್ಕೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದ. "ಹೌದೇನೋ. ಕಡ್ಡಿ ಆರಿಸೋದ್ರಲ್ಲೇ ಎಡವಟ್ಟು ಮಾಡ್ಕೊಂಡಿದೀನಿ. ನಾಳೆ ಬರಲ್ಲ ಅಂತ ಹೇಳ್ಬಿಡ್ತೀನಿ. ನನ್ನಂಥೋನಿಗೆ ಇದೆಲ್ಲ ಯಾಕೆ, ಸಾಕು," ಎಂದು ಅಂಟಿನ ಬಾಟಲಿಗೆ ಮುಚ್ಚಳ ಹಾಕತೊಡಗಿದ.

ಅವನು ಬೈದಿದ್ದರೆ ಅವಳು ಎರಡು ಮಾತು ಜಾಸ್ತಿಯೇ ಬೈದು ಗೆಲ್ಲುತ್ತಿದ್ದಳು. ನಂಬಿಬಿಟ್ಟನಲ್ಲ, ಮಹಾರಾಯ! ಅವಳಿಗೆ ಅಳು ಬರುವಷ್ಟು ನಾಚಿಕೆಯಾಯಿತು.

"ಕಡ್ಡಿ ಸರಿಯಾಗೇ ಇದೆ ರೀ. ನಾನೇ ಕೆಡಿಸಿದ್ದು," ಎಂದಳು. "ಈಗ ಏನ್ ಮಾಡ್ಬೇಕು, ಹೇಳಿ."

ಕೆಳಭಾಗಕ್ಕೂ ಹಾಳೆ ಹೊದಿಸಿದರು. ಅವನು ರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಚಿ ಹಿಡಿದ. ಅವನು ತೋರಿಸಿದ ಕಡೆಗೆಲ್ಲ ಅವಳು ಬಿಸಿ ತಾಗಿಸಿದಳು, ಒಂದು ಮಾತೂ ಎದುರಾಡದೆ. ರೆಕ್ಕೆ ಮೆಲ್ಲಗೆ ನೆಟ್ಟಗಾಯಿತು.

ಆಗ ಅವನಿಗೆ ಇದ್ದಕ್ಕಿದ್ದಂತೆ ಏನೋ ಹೊಳೆಯಿತು. "ಹಾಗಾದ್ರೆ ನನ್ನ ಮದುವೆ ಶರ್ಟು ಸುಟ್ಟಿದ್ದು?"

"ಅದೂ ನಾನೇ."

"ಅಯ್ಯೋ, ಬಟ್ಟೆ ಅಂಗಡಿಯೋನ ಕೊರಳಪಟ್ಟಿ ಹಿಡಿದು ಬಂದಿದ್ನಲ್ಲೇ!"