ಓದದೆ ಒತ್ತಿದ ಹೆಬ್ಬೆರಳು

ಮಲಗುವ ಕೋಣೆಯ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏಳು ಜನರ ಸಾಫ್ಟ್‌ವೇರ್ ತಂಡ ನಡೆಸುತ್ತಿದ್ದ ಆ ಲೀಡ್ ಮೇಡಂಗೆ ಒಂದು ಹೆಮ್ಮೆಯಿತ್ತು: ಯಾರ ಸಂದೇಶ ಬಂದರೂ ಎರಡು ನಿಮಿಷದೊಳಗೆ ಉತ್ತರ. ಉತ್ತರವೆಂದರೆ ಇನ್ನೇನು, ಹೆಬ್ಬೆರಳಿನ ಚಿತ್ರ. ಕೋಡ್ ಕಳಿಸಿದೆನೆಂದರೆ ಹೆಬ್ಬೆರಳು, ರಜೆ ಬೇಕೆಂದರೆ ಹೆಬ್ಬೆರಳು. ಒಂದು ಕೈಯಲ್ಲಿ ಒಲೆಯ ಮೇಲಿನ ಹಾಲು ತಿರುವುತ್ತ ಇನ್ನೊಂದು ಕೈಯಲ್ಲಿ ಒತ್ತುವಷ್ಟು ಪಳಗಿದ್ದಳು. ಮನೆಯಿಂದ ದುಡಿಯುವವರ ಯೋಗಕ್ಷೇಮ ವಿಚಾರಿಸುವುದು ಹೇಗೆಂದು ಆಫೀಸಿನವರು ತರಬೇತಿ ಕೊಟ್ಟಾಗಲೂ ಕ್ಯಾಮೆರಾ ಆರಿಸಿ ಬಟ್ಟೆ ಮಡಚಿದವಳು.

ಅತ್ತೆ ಒಮ್ಮೆ ಹಿಂದೆ ನಿಂತು ನೋಡಿ, "ಓದೋಕೆ ಬರದವರು ಹೆಬ್ಬೆಟ್ಟು ಒತ್ತೋದು ಗೊತ್ತಿತ್ತಮ್ಮ. ಇಷ್ಟು ಓದಿದವಳೂ ಅದನ್ನೇ ಒತ್ತೋದಾ!" ಎಂದಿದ್ದರು. ಇಬ್ಬರೂ ನಕ್ಕಿದ್ದರು.

ತಂಡದ ಟೆಸ್ಟರ್ ಒಂಟಿ ಕೋಣೆಯ ಬಾಡಿಗೆದಾರ. ಯಾರ ಕೋಡಿನಲ್ಲಿ ಎಲ್ಲಿ ಹುಳುಕಿದ್ದರೂ ಹೆಕ್ಕಿ ತೆಗೆಯುವವನು, ತನ್ನ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ. ಒಂದು ಸೋಮವಾರ ಅವನು ಮೀಟಿಂಗಿಗೆ ಬರಲಿಲ್ಲ. ಮರುದಿನ ಎಚ್‌ಆರ್‌ನವರು ಫೋನ್ ಮಾಡಿದರು. ವೈದ್ಯರು ಎರಡು ತಿಂಗಳು ವಿಶ್ರಾಂತಿ ಹೇಳಿದ್ದಾರಂತೆ, ಅವನ ಅಕ್ಕ ಬಂದು ತಮ್ಮಲ್ಲಿಗೆ ಕರೆದುಕೊಂಡು ಹೋದರಂತೆ.

"ಮನಸ್ಸಿಗೆ ತುಂಬಾ ಹಚ್ಕೊಂಡುಬಿಟ್ಟಿದ್ರಂತೆ. ನಿಮ್ಮ ಹತ್ರ ಏನಾದ್ರೂ ಹೇಳ್ಕೊಂಡಿದ್ರಾ ಮೇಡಂ?"

"ಇಲ್ವಲ್ಲ. ಒಂದು ಮಾತೂ ಹೇಳಿಲ್ಲ."

ಹೇಳಿದ್ದೇನೋ ನಿಜವೆಂದುಕೊಂಡೇ. ಆದರೂ ಮನಸ್ಸು ತಡೆಯದೆ ಅವನ ಹಳೆಯ ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತ ಹೋದಳು. ಹನ್ನೊಂದು ದಿನದ ಹಿಂದೆ, ಎರಡು ವರದಿಗಳ ನಡುವೆ, ಒಂದು ಉದ್ದನೆಯ ಸಂದೇಶ. "ಮೇಡಂ, ಹತ್ತು ನಿಮಿಷ ಮಾತಾಡಬಹುದಾ? ಕೆಲಸದ ವಿಷಯ ಅಲ್ಲ..." ಅದರ ಕೆಳಗೆ ಅವಳದೇ ಹೆಬ್ಬೆರಳು. ಮುಂದೆ ಓದಲು ಧೈರ್ಯ ಬರಲಿಲ್ಲ.

ಅದರ ಮೇಲೆ ಇನ್ನೊಮ್ಮೆ ಒತ್ತಿದರೆ ಹೆಬ್ಬೆರಳು ಅಳಿಸಿಹೋಗುತ್ತದೆ. ನೋಡೇ ಇರಲಿಲ್ಲ ಎಂದುಬಿಡಬಹುದು. ಬೆರಳು ಅಲ್ಲಿಗೆ ಹೋಯಿತು ಕೂಡ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ; ಬಾಗಿಲಲ್ಲಿ ಅತ್ತೆಯ ನೆರಳು ಕಂಡರೂ ಬೆಚ್ಚಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಲ್ಯಾಪ್‌ಟಾಪ್ ಬಿಟ್ಟು ಫೋನ್ ಎತ್ತಿಕೊಂಡು ಅವನಿಗೆ ಕರೆ ಮಾಡಿದಳು.

ಅವನೇ ಎತ್ತಿದ. ಅವಳು ಆ ಸಂದೇಶದ ಮಾತೆತ್ತಿದಳು. ಅವನ ದನಿ ನಿಧಾನವಾಗಿತ್ತು, ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು.

"ಪರವಾಗಿಲ್ಲ ಮೇಡಂ. ನಿಮಗೆ ಕೆಲಸ ಜಾಸ್ತಿ, ಗೊತ್ತು. ನೀವು ಓದಿದ್ದೀರಲ್ಲ, ಅದೇ ಸಮಾಧಾನ ಆಗಿತ್ತು. ಇವತ್ತು ಮಾಡ್ತಾರೆ, ನಾಳೆ ಮಾಡ್ತಾರೆ ಅಂತ ಫೋನ್ ಪಕ್ಕದಲ್ಲೇ ಇಟ್ಕೊಂಡಿರ್ತಿದ್ದೆ."

ತಪ್ಪಿಸಿಕೊಳ್ಳುವ ದಾರಿಯನ್ನು ಅವನೇ ತೆರೆದುಕೊಟ್ಟಿದ್ದ. ಹೌದು, ಕೆಲಸ ಜಾಸ್ತಿಯಿತ್ತು ಎಂದರೆ ಮುಗಿಯಿತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ನಾನು ಓದಿರಲಿಲ್ಲ," ಎಂದಳು. "ಓದದೇನೇ ಒತ್ತಿದೆ. ಎಲ್ಲರಿಗೂ ಹಾಗೇ ಒತ್ತೋದು. ತಪ್ಪಾಯ್ತು."

ಆ ಕಡೆ ಎಲ್ಲೋ ನಲ್ಲಿಯ ನೀರು ಬೀಳುವುದು ಕೇಳುತ್ತಿತ್ತು.

"ಹಾಗಾದ್ರೆ ಈಗ ಓದಿ ಮೇಡಂ. ಜೋರಾಗಿ ಓದಿ. ನಾನೂ ಕೇಳ್ತೀನಿ."

ಇಸ್ತ್ರಿ ಮೇಜಿನ ಮುಂದೆ ನಿಂತು ಅವಳು ಮೊದಲ ಸಾಲಿನಿಂದ ಓದತೊಡಗಿದಳು. "ಅಕ್ಕನಿಗೆ ಹೇಳಿದರೆ ಗಾಬರಿಯಾಗುತ್ತಾಳೆ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ" ಎಂಬಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿಬಿಟ್ಟಳು.

"ಇನ್ನೂ ಇದೆ ಮೇಡಂ," ಎಂದ ಅವನು. "ಓದಿ."