ಅಕ್ಕನ ಗಾಡಿಯ ವೈರು

ನಮ್ಮ ದೋಣಿಯ ಇಂಜಿನ್ನಿಗೆ ಆಯುಧಪೂಜೆ ಮಾಡಿದವನು ನಾನೇ. ಮೂರು ಬೆರಳಲ್ಲಿ ಅಡ್ಡಡ್ಡ ವಿಭೂತಿ ಎಳೆದು, ಕುಂಕುಮ ಇಟ್ಟು, ಅದರ ತಲೆಯ ಮೇಲೇ ಕಾಯಿ ಒಡೆದಿದ್ದೆ. "ಇಂಜಿನ್ಗೆ ಯಾಕ ಕಾಯಿನೀರು ಕುಡಸ್ತೀಯೋ? ನೆಲಕ್ಕ ಒಡಿ," ಎಂದು ಅಕ್ಕ ಗದರಿದಳು. ಅವಳು ಹೇಳಿದ್ದಕ್ಕೆ ಹೌದು ಅನ್ನುವ ಚಾಳಿ ನನಗೆ ಹುಟ್ಟಿನಿಂದಲೂ ಇಲ್ಲ.

ರಾಯದುರ್ಗದ ಕಡೆಯ ನಮ್ಮೂರ ಕೆರೆಯಲ್ಲಿ ಈಚೆಗೆ ನೀರು ನಿಲ್ಲುತ್ತಿದೆ. ಮೀನಿನ ಆಸೆಗೆ ಪೆಟ್ರೋಲ್ ಇಂಜಿನ್ನಿನ ಹಳೆಯ ದೋಣಿಯೊಂದನ್ನು ತಂದಿಟ್ಟಿದ್ದೆ. ಅಕ್ಕನಿಗಿರುವುದು ಆರು ಕುರಿ, ಒಂದು ಮೊಪೆಡ್. ಕುರಿ ಮೇಯಿಸಲೂ ಮೊಪೆಡ್ಡಿನಲ್ಲೇ ಬರುತ್ತಾಳೆ. ಅದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

ಪೂಜೆಯಾಗಿ ನಾಲ್ಕನೆಯ ದಿನ ಅಕ್ಕ ಗಾಡಿಯನ್ನು ದಡದ ಜಾಲಿಮರದ ಕೆಳಗೆ ನಿಲ್ಲಿಸಿ, ಕೆರೆಯಂಗಳದ ದಿಬ್ಬಕ್ಕೆ ಕುರಿ ಹೊಡೆದುಕೊಂಡು ನಡೆದುಹೋದಳು. ಮೇಲಿನ ಊರುಗಳಲ್ಲಿ ಜೋರು ಮಳೆಯಾಗಿದ್ದು ನಮಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಫೋನ್ ಬಂತು.

"ತಮ್ಮಾ, ಹಳ್ಳ ಬಂದೈತಿ. ದಿಬ್ಬದ ಸುತ್ತ ನೀರು. ಏರಾಕತ್ತೈತಿ."

ಅಕ್ಕನಿಗೆ ಈಜು ಬಾರದು. ನನಗೂ ಅಷ್ಟು ನೀರಿನ ಸೆಳೆತದಲ್ಲಿ ಈಜಿ ಹೋಗುವ ತಾಕತ್ತಿಲ್ಲ.

ಕೆರೆಗೆ ಓಡಿಹೋಗಿ, ದೋಣಿಯ ಇಂಜಿನ್ನಿನ ಹಗ್ಗ ಎಳೆದೆ. ಇಂಜಿನ್ ಕೆಮ್ಮಲೂ ಇಲ್ಲ. ಪ್ಲಗ್ ಬಿಚ್ಚಿ ಹೊಸದು ಹಾಕಿದೆ. ಊಹೂಂ. ದಿಬ್ಬದ ಮೇಲೆ ಅಕ್ಕನ ಕೆಂಪು ಸೀರೆ ಕಾಣುತ್ತಿತ್ತು. ಮತ್ತೊಮ್ಮೆ ಎಳೆದಾಗ ಚಟ್ ಎಂದಿತು. ಬಗ್ಗಿ ನೋಡಿದೆ. ಕಿಡಿ ಪ್ಲಗ್ಗಿನವರೆಗೆ ಹೋಗದೆ, ಕಿಡಿಗೆ ಕರೆಂಟು ಕೊಡುವ ಕಾಯಿಲಿನಿಂದ ಬರುವ ವೈರಿನ ಬಿರುಕಿನಿಂದಲೇ ಇಂಜಿನ್ನಿನ ಮೈಗೆ ಹಾರುತ್ತಿತ್ತು. ಬಿರುಕಿನ ತುಂಬ ನಾನೇ ಬಳಿದ ವಿಭೂತಿ, ಕಾಯಿನೀರು ಸೇರಿ ಅಂಟಂಟು. ಅಂಗಿಯಿಂದ ಒರೆಸಿದರೂ ಕಿಡಿ ಅಲ್ಲೇ ಹಾರಿತು. ನನ್ನ ಭಕ್ತಿಗಿಷ್ಟು ಬೆಂಕಿ ಹಾಕ!

ಬೇರೆ ವೈರಿಗೆ ರಾಯದುರ್ಗಕ್ಕೇ ಹೋಗಬೇಕು. ಅಷ್ಟು ಹೊತ್ತು ನೀರು ಕಾಯುತ್ತದೆಯೇ? ಆಗ ಜಾಲಿಮರದ ಕೆಳಗಿನ ಗಾಡಿ ಕಣ್ಣಿಗೆ ಬಿತ್ತು. ಹಿಂದೆಮುಂದೆ ನೋಡದೆ ಅದರ ಕವರ್ ಕಿತ್ತು, ಕಾಯಿಲಿಗೆ ತಿರುವಿದ್ದ ವೈರನ್ನು ಕ್ಯಾಪಿನ ಸಮೇತ ಬಿಚ್ಚಿ ತಂದೆ. ನಮ್ಮ ಕಾಯಿಲಿಗೆ ಬಿಗಿಯಾಗಿ ತಿರುವಿ, ಕ್ಯಾಪನ್ನು ಪ್ಲಗ್ಗಿಗೆ ಒತ್ತಿದೆ. ಎರಡನೆಯ ಎಳೆತಕ್ಕೆ ಇಂಜಿನ್ ಹೊಗೆ ಉಗುಳಿ ಹೊತ್ತಿಕೊಂಡಿತು. ಆ ಹೊಗೆ ಮೂಗಿಗೆ ಬಡಿದಾಗ ಅತ್ತೇಬಿಟ್ಟೆ.

ದಿಬ್ಬ ಮುಟ್ಟಿದಾಗ ನೀರು ಅಕ್ಕನ ಮೊಣಕಾಲಿಗೆ ಬಂದಿತ್ತು. ಆರರಲ್ಲಿ ಚಿಕ್ಕದಾದ ಮರಿ ಅವಳ ಕಂಕುಳಲ್ಲಿತ್ತು. "ಮೊದಲ ಕುರಿ ಹತ್ಸು," ಅಂದಳು. ಆರನ್ನೂ ಹತ್ತಿಸಿದ ಮೇಲೆಯೇ ತಾನು ಹತ್ತಿದ್ದು. ದೋಣಿಯನ್ನು ದಡಕ್ಕೆ ತಿರುಗಿಸಿದೆ.

ಇಳಿದವಳು ಜಾಲಿಮರದ ಕಡೆ ನೋಡಿ ನಿಂತಳು. "ನನ್ನ ಗಾಡಿಗೆ ಯಾವನೋ ಕೈ ಹಾಕಿದವ?"

ಆ ದನಿ ಕೇಳಿದ ಮೇಲೆ ನನ್ನ ಎದೆ ಹಗುರಾಯಿತು. ವಾಪಸು ಹಾಕುವಾಗ ವೈರಿನ ತುದಿ ಕಿತ್ತುಬಂದು ಗಾಡಿ ಸ್ಟಾರ್ಟ್ ಆಗಲಿಲ್ಲ. ಊರು ಒಂದೂವರೆ ಮೈಲಿ. ನಾನು ಗಾಡಿ ತಳ್ಳಿದೆ, ಅಕ್ಕ ಪಕ್ಕದಲ್ಲಿ ನಡೆಯುತ್ತ ಬೈದಳು: ಕಾಯಿ ಒಡೆದದ್ದಕ್ಕೆ, ವಿಭೂತಿ ಬಳಿದದ್ದಕ್ಕೆ, ಕವರ್ ಮುರಿದದ್ದಕ್ಕೆ. ಮನೆ ಮುಟ್ಟುವವರೆಗೂ ನಾನು "ಹೌದಕ್ಕಾ, ಹೌದಕ್ಕಾ" ಅನ್ನುತ್ತಲೇ ಇದ್ದೆ.