ಪಿಂಡಾರಿಯ ಮುಂದೆ ಕಾಶಿಬಾಯಿ

ಗಜೇಂದ್ರಗಡದ ಪೇಟೆಯಲ್ಲಿ ನರಸಿಂಹರಾಯರ ಫೋಟೋ ಸ್ಟುಡಿಯೋ ಇತ್ತು. ಬೋರ್ಡಿನ ಮೇಲೆ ಹೆಸರು ಅವರದು, ಅರ್ಧ ಕೆಲಸ ಹೆಂಡತಿ ಕಾಶಿಬಾಯಿಯದು. ಪರಗಂಡಸರ ಮುಂದೆ ಬುರ್ಖಾ ತೆಗೆಯದ, ಪೇಟೆಯ ಬಾನುಬಿಯಂಥ ಹೆಂಗಸರು ಫೋಟೋಕ್ಕೆ ಬಂದರೆ ರಾಯರು ಹೊರಗೆ ಹೋಗುತ್ತಿದ್ದರು, ಕಾಶಿಬಾಯಿ ಕ್ಯಾಮೆರಾ ಹಿಡಿಯುತ್ತಿದ್ದಳು. ಮೂವತ್ತೆಂಟು ವರ್ಷದ ಆಕೆ ಅಲ್ಲಿಯವರೆಗೆ ಕಂಡ ಅತಿ ದೂರದ ಊರೆಂದರೆ ಪಂಢರಪುರ.

೧೯೫೭ರ ಬೇಸಿಗೆ ರಜೆಯಲ್ಲಿ ಧಾರವಾಡದ ಕೆಲವು ಶಿಕ್ಷಕ-ಶಿಕ್ಷಕಿಯರು ಹಿಮಾಲಯದ ಪಿಂಡಾರಿ ಹಿಮನದಿ ನೋಡಲು ಹೊರಟರು. ಫೋಟೋ ತೆಗೆಯಲು ರಾಯರು ಬರುವುದೆಂದು ಮಾತಾಗಿತ್ತು. ಹೊರಡಲು ಎಂಟು ದಿನವಿದ್ದಾಗ ರಾಯರು ಮಾಳಿಗೆಯ ನಿಚ್ಚಣಿಕೆಯಿಂದ ಬಿದ್ದು ಕಾಲು ಮುರಿದುಕೊಂಡರು.

"ನೀ ಹೋಗು," ಎಂದರು ಹಾಸಿಗೆಯಿಂದಲೇ.

"ನಾ ಹ್ಯಾಂಗ ಹೋಗ್ಲಿರಿ? ನಿಮ್ಮನ್ನ ಯಾರು ನೋಡ್ಕೋಬೇಕು?"

"ಸಾವಿತ್ರಿ ಬರ್ತಾಳ. ನನ್ನ ತಂಗೀಗೆ ಅಡಿಗಿ ಬರೂದಿಲ್ಲೇನು? ಕ್ಯಾಮೆರಾ ಹಿಡಿಯೂದು ಮಾತ್ರ ಆಕೀಗೆ ಬರೂದಿಲ್ಲ."

ಮೂರು ರೋಲು ಫಿಲ್ಮು, ರಾಯರ ಉಣ್ಣೆಯ ಕೋಟು, ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಕೊಂಡು ಆಕೆ ಹೊರಟಳು.

ರೈಲು, ಬಸ್ಸು ಮುಗಿದ ಮೇಲೆ ಆರು ದಿನದ ನಡಿಗೆ. ದಾರಿ ತೋರಿಸುವವನು ಅಲ್ಲಿಯ ದಾನಸಿಂಗ್ ಎಂಬ ಮುದುಕ. ಹೆಚ್ಚು ಮಾತಿಲ್ಲ. ಅವನು ನಿಂತರೆ ಎಲ್ಲರೂ ನಿಲ್ಲಬೇಕು. ಅವನು ಕೈಚಾಚಿ ತೋರಿಸಿದ ಕಡೆಗೆ ದಿಟ್ಟಿಸಿದರೆ ಮೊದಲು ಬರೀ ಕಲ್ಲು. ಆಮೇಲೆ ಅದರಲ್ಲೊಂದು ಕಲ್ಲು ರೆಕ್ಕೆ ಬಿಚ್ಚಿ, ನೀಲಿ ಹಸಿರು ತಾಮ್ರದ ಬಣ್ಣ ಚೆಲ್ಲಿ ಕಣಿವೆಗೆ ಇಳಿಯುತ್ತಿತ್ತು. ಮೋನಾಲ್ ಹಕ್ಕಿ. ತನ್ನ ಫಿಲ್ಮು ಕಪ್ಪು-ಬಿಳುಪಿನದೆಂದು ಕಾಶಿಬಾಯಿಗೆ ಅಂದು ಮೊದಲ ಸಲ ಬೇಸರವಾಯಿತು.

ಏಳನೆಯ ದಿನ ಬೆಳಿಗ್ಗೆ ಹಿಮನದಿಯ ಎದುರು ಬಂದು ನಿಂತಾಗ ನಾಲ್ಕು ಚಿತ್ರಗಳಷ್ಟೇ ಉಳಿದಿದ್ದವು. ಎರಡು ಶಿಖರಗಳ ನಡುವಿನಿಂದ ಹೊರಟ ಹಿಮ, ಉಕ್ಕಿ ಬರುತ್ತಿದ್ದ ಹೊಳೆಯೊಂದು ಇದ್ದಲ್ಲೇ ಗಟ್ಟಿಯಾದಂತೆ, ಬಿರುಕು ಬಿರುಕಾಗಿ ಕೆಳಗಿನವರೆಗೆ ಹಬ್ಬಿತ್ತು. ಬಿರುಕಿನೊಳಗೆ ತಿಳಿನೀಲಿ. ಶಿಕ್ಷಕಿಯರು ಕೈಮುಗಿದರು. ಮದುವೆಗಳಲ್ಲಿ ಬಿಳಿ ಧೋತರಗಳು ಬೆಳಕು ಹೆಚ್ಚಾಗಿ ಚಿತ್ರ ಕೆಡಿಸುವುದನ್ನು ಕಂಡಿದ್ದ ಕಾಶಿಬಾಯಿ, ಮರಗಟ್ಟಿದ ಬೆರಳಿನಿಂದ ಕ್ಯಾಮೆರಾದೊಳಗೆ ಬೆಳಕು ಬಿಡುವ ಕಿಂಡಿಯನ್ನು ಇನ್ನಷ್ಟು ಕಿರಿದು ಮಾಡಿ ಮೂರು ಚಿತ್ರ ತೆಗೆದಳು.

ಆಗ ಎದುರಿನ ಇಳಿಜಾರಿನಲ್ಲಿ ವಾಡೆಯಷ್ಟು ದೊಡ್ಡ ಹಿಮದ ಗಡ್ಡೆಯೊಂದು ಕಳಚಿತು. ಬಿದ್ದದ್ದು ಮೊದಲು ಕಂಡಿತು. ಸದ್ದು ಆಮೇಲೆ ಬಂತು, ಕಾಲ ಕೆಳಗಿನ ಕಲ್ಲಿನಿಂದ ಎದೆಗೆ ಏರಿತು. ಬಿಳಿ ಧೂಳು ಎದ್ದು ಶಿಖರ ಮುಚ್ಚಿತು. ಕ್ಯಾಮೆರಾ ಕೈಯಲ್ಲೇ ಇತ್ತು. ಗುಂಡಿ ಒತ್ತಬೇಕೆಂಬುದೇ ಆಕೆಗೆ ಹೊಳೆಯಲಿಲ್ಲ. ಕಣ್ಣಲ್ಲಿ ನೀರು ಯಾಕೆ ಬಂತೆಂಬುದೂ ತಿಳಿಯಲಿಲ್ಲ.

ಧೂಳು ಇಳಿಯುವಾಗ ದಾನಸಿಂಗ್ ಆಕೆಯ ಕೋಟಿನ ತೋಳು ಜಗ್ಗಿ, ಕೂರುವಂತೆ ಸನ್ನೆ ಮಾಡಿದ. ಹಿಮದ ಅಂಚಿನ ಕಲ್ಲುರಾಶಿಯ ಮೇಲೆ ಒಂದು ಭರಲ್, ಅಲ್ಲಿಯ ಕಾಡುಕುರಿ, ಬಂದು ನಿಂತಿತ್ತು. ಅಷ್ಟು ದೊಡ್ಡ ಸದ್ದಿಗೂ ಬೆದರದೆ ಅದು ಸುಮ್ಮನೆ ಹಿಮನದಿಯ ಕಡೆ ನೋಡುತ್ತಿತ್ತು. ಕಾಶಿಬಾಯಿ ಉಸಿರು ಬಿಗಿಹಿಡಿದು ಕೊನೆಯ ಚಿತ್ರ ತೆಗೆದಳು.

ಊರಿಗೆ ಬಂದು ಅದನ್ನು ತೊಳೆದು ಒಣಗಿಸಿದಾಗ ರಾಯರು ಕೋಲೂರಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಕುರಿ ಭಾಳ ಸಣ್ಣದು ಬಂದದಲ್ಲ?"

"ಕುರಿ ಸಣ್ಣದಲ್ರಿ. ಅದು ನಮ್ಮ ಆಕಳಿನ ಕರುವಿನಷ್ಟು ಇತ್ತು. ಅದರ ಹಿಂದಿನ ಹಿಮ ನೋಡ್ರಿ."

ರಾಯರು ನೋಡಿದರು. ಆಮೇಲೆ, "ಇಂಥಾದ್ದು ನನ್ನ ಕೈಲೆ ಆಗ್ತಿರಲಿಲ್ಲ ಕಾಶಿ," ಎಂದರು.

ಆ ವರ್ಷದ ಸುಗ್ಗಿಗೆ ಮುಂಚೆ ಕಾಶಿಬಾಯಿ ಶಿರೋಳದ ರೈತ ಹೂವಪ್ಪನನ್ನು ಕೇಳಿಕೊಂಡು ಅವನ ಎರೆಹೊಲಕ್ಕೆ ಹೋದಳು. ಹಿಂಡುಗಟ್ಟಿ ಬರುವ ಚಿಗರಿ ಜಿಂಕೆಗಳ ಫೋಟೋ ತೆಗೆಯಬೇಕಿತ್ತು.

"ಚಿಗರಿ ದಿನಾ ಬರ್ತಾವ್ರಿ ಬಾಯಾರ, ಬೆಳಿ ಮೇಯಾಕ. ಅದರಾಗ ನೋಡೂದೇನೈತಿ?"

"ಸುಮ್ನ ಕೂಡಪಾ," ಎಂದಳು ಕಾಶಿಬಾಯಿ, ಜೋಳದ ಸಾಲಿನಲ್ಲಿ ಮೊಣಕಾಲೂರಿ.